ಮೂತಿ ಎತ್ತುವ ಟ್ರೇಲರ್

ಮನೆಯ ಹಿಂದಿನ ಶೆಡ್,
ಬುಧವಾರ, ಮಾರ್ಚ್ 11

ಪ್ರೀತಿಯ ಅಣ್ಣಾ,

ಬೆನ್ನುನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ಪುಟ್ಟಿ ಶಾಲೆಗೆ ಅಳದೆ ಹೋಗುತ್ತಿದ್ದಾಳಾ? ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಅಂದರೆ ಎಲ್ಲದಕ್ಕೂ ಗೊಣಗುತ್ತಿದ್ದಾರೆ. ಗೊಣಗುವುದು ನಿಂತ ದಿನ ಡಾಕ್ಟರನ್ನು ಕರೆಸುತ್ತೇನೆ.

ನೀನೂ ಅಪ್ಪನೂ ಸೇರಿ ಅರ್ಧಕ್ಕೆ ಬಿಚ್ಚಿಟ್ಟ ಹಳೇ ಕಾರು ಭಾನುವಾರ ನಿನ್ನಲ್ಲಿಗೆ ಹೊರಡುತ್ತದೆ. ಎಂಜಿನ್ ಸತ್ತಿದೆಯಲ್ಲ, ಅದಕ್ಕೆ ಟ್ರೇಲರ್ ಮೇಲೆ. ಎಳೆಯಲು ನಮ್ಮ ಟೈಲ್ಸ್ ಅಂಗಡಿಯ ಪಿಕಪ್, ಓಡಿಸುವವಳು ನಾನೇ. ಕಳಿಸು ಎಂದದ್ದು ಅಪ್ಪ. ಹೋದ ತಿಂಗಳು ಊಟದ ನಡುವೆ ತಲೆ ಎತ್ತದೆ, "ಆ ಡಬ್ಬಾನ ಅವನಿಗೇ ಕಳಿಸಿಬಿಡು" ಅಂದರು. ಅಷ್ಟೇ. ನಾಲ್ಕು ವರ್ಷದ ಹಿಂದೆ ನೀನು ಎಲ್ಲರೆದುರು "ನಿಮ್ಮ ಕೈಲಿ ಇನ್ನು ಈ ಕೆಲಸ ಆಗಲ್ಲ ಬಿಡಿ ಅಪ್ಪಾ" ಅಂದದ್ದೇ ತಡ, ಕಾರಿಗೆ ಟಾರ್ಪಾಲು ಬಿತ್ತು, ನಿನ್ನ ಮಟ್ಟಿಗೆ ಅವರ ಬಾಯಿಗೆ ಬೀಗ ಬಿತ್ತು. ಈಗ ಕಾರು ಕಳಿಸುತ್ತಿರುವುದು ಪ್ರೀತಿಯಿಂದಲೋ, ನಿನ್ನ ಋಣವೂ ತೀರಲಿ, ಪೀಡೆ ತೊಲಗಲಿ ಅಂತಲೋ, ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಕೇಳಿದರೆ ಪೇಪರು ಮುಖಕ್ಕೆ ಅಡ್ಡ ಬರುತ್ತದೆ.

ಕಟ್ಟುವ ಕೆಲಸ ನಾನಂದುಕೊಂಡಷ್ಟು ಸುಲಭವಲ್ಲ. ಅಂಗಡಿಯ ಲಾರಿ ಡ್ರೈವರ್ ಮೀಸೆಮಾವ ಬಂದು ಕಾರಿನ ಮೈಗೇ ಪಟ್ಟಿ ಹಾಕಿ ಬಿಗಿ ಎಂದರು. ಹೊಸ್ತಿಲ ಮೇಲೆ ಕೂತಿದ್ದ ಅಪ್ಪ, ಯಾರಿಗೂ ಅಲ್ಲ ಎಂಬಂತೆ, "ಟೈರಿಗೆ ಕಟ್ಟಬೇಕು, ಮೈ ಸ್ಪ್ರಿಂಗ್ ಮೇಲೆ ಆಡ್ತಾ ಇರಲಿ. ಪಟ್ಟಿ ತಾಗೋ ಕಡೆ ಬಟ್ಟೆ ಇಡು, ಪೇಂಟ್ ಉಜ್ಜಿಹೋಗುತ್ತೆ" ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಅಪ್ಪನ ಮಾತೇ ನಡೆಯಿತು: ನಾಲ್ಕು ಟೈರಿಗೆ ನಾಲ್ಕು ಪಟ್ಟಿ, ಹಿಂದಿನವೆರಡು ಕತ್ತರಿಯಾಗಿ, ಚಕ್ರಗಳಿಗೆ ಮರದ ತುಂಡು, ಹ್ಯಾಂಡ್‌ಬ್ರೇಕ್, ಮೇಲಿಂದ ಗೇರು. ಪೀಡೆ ತೊಲಗಲಿ ಅನ್ನುವವರಿಗೆ ಪೇಂಟಿನ ಚಿಂತೆ ಯಾಕೆ ಅಂತ ನೀನೇ ಹೇಳು.

ಇನ್ನೊಂದು ವಿಚಿತ್ರ ಕೇಳು. ಕಾರಿನ ಭಾರ ಟ್ರೇಲರಿನ ಚಕ್ರಗಳಿಗಿಂತ ಸ್ವಲ್ಪ ಮುಂದಿರಬೇಕು, ಆಗ ಟ್ರೇಲರಿನ ಮೂತಿ ಪಿಕಪ್ಪಿನ ಕೊಂಡಿಯ ಮೇಲೆ ಒತ್ತಿ ಕೂರುತ್ತದೆ. ಹಿಂದೆ ಹೆಚ್ಚಾದರೆ ರಸ್ತೆಯಲ್ಲಿ ಟ್ರೇಲರ್ ಓಲಾಡುತ್ತದೆ. ಸೋಮವಾರ ಸರಿಯಾಗಿ ಕೂರಿಸಿ ಕಟ್ಟಿದೆ. ಪಿಕಪ್ಪಿಗೆ ಇನ್ನೂ ಸಿಕ್ಕಿಸಿಲ್ಲ, ಮೂತಿ ನೆಲದ ಮೇಲಿತ್ತು. ಮಂಗಳವಾರ ನೋಡಿದರೆ ನೆಲ ಬಿಟ್ಟು ಗಾಳಿಯಲ್ಲಿದೆ. ಪಟ್ಟಿ ಒಂದೂ ಸಡಿಲವಾಗಿಲ್ಲ. ಅಕ್ಕಪಕ್ಕದವರನ್ನು ಕರೆದು ಕಾರನ್ನು ಒಂದು ಗೇಣು ಮುಂದೆ ತಳ್ಳಿ ಮತ್ತೆ ಕಟ್ಟಿದೆ. ಇವತ್ತು ಮೂತಿ ಮತ್ತೆ ಮೇಲೆದ್ದಿದೆ. ಕಾರಿನ ಹಿಂಭಾಗವೂ ಕುಸಿದಂತಿದೆ. ಅಪ್ಪನನ್ನು ಕೇಳಿದರೆ "ಸ್ಪ್ರಿಂಗ್‌ಗೂ ವಯಸ್ಸಾಗುತ್ತೆ" ಅಂದರು. ಡಿಕ್ಕಿ ನೋಡೋಣವೆಂದರೆ ಅದರ ಕೀ ಕಳೆದುಹೋಗಿದೆಯಂತೆ.

ಮನೆಯಲ್ಲೂ ಹಾಗೇ, ಇಟ್ಟದ್ದು ಇಟ್ಟಲ್ಲಿಲ್ಲ. ಅಪ್ಪನ ಅಲಾರಂ ಗಡಿಯಾರ ಕಾಣೆ. ರೇಜರ್ ಸಿಗುತ್ತಿಲ್ಲವೆಂದು ಮೂರು ದಿನದ ಗಡ್ಡ ಬಿಟ್ಟಿದ್ದಾರೆ. ಶೆಡ್ಡಿನ ಮೇಜಿನ ಮೇಲೆ, ಅಪ್ಪ ಸಾಮಾನು ಬಿಗಿದು ಹಿಡಿಸುತ್ತಿದ್ದ ಆ ಭಾರದ ಕಬ್ಬಿಣದ ಬೈಸ್ ಇದ್ದ ಕಡೆ ನಾಲ್ಕು ತೂತು ಮಾತ್ರ ಉಳಿದಿವೆ. "ತುಕ್ಕು ಹಿಡಿದಿತ್ತು, ಗುಜರಿಗೆ ಹಾಕಿದೆ" ಅಂದರು. ಮೂವತ್ತು ವರ್ಷ ಹಿಡಿದು ದುಡಿದ ಬೈಸ್, ಅಣ್ಣಾ. ಕೇಳಿ ನನಗೆ ಅಳುವೇ ಬಂತು. ಕಾರು ನಿನಗೆ, ಬೈಸ್ ಗುಜರಿಗೆ. ಒಂದೊಂದನ್ನೇ ಕಳಚಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿದೆ. ಮರೆವು ಶುರುವಾಗಿದೆಯೋ ಅಥವಾ ನನ್ನ ತಲೆಯೇ ಕೆಟ್ಟಿದೆಯೋ, ಅದೂ ಗೊತ್ತಾಗುತ್ತಿಲ್ಲ. ಕಾರು ಇಳಿಸಿಕೊಂಡ ಮೇಲಾದರೂ ನೀನೊಂದು ಫೋನ್ ಮಾಡು. ಅವರು ಎತ್ತದಿದ್ದರೂ ಗಂಟೆ ಬಡಿದದ್ದು ಕೇಳಿಸಿಕೊಳ್ಳುತ್ತಾರೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು.

ನಿನ್ನ ತಂಗಿ,
ಬೋಲ್ಟು

ತಾ.ಕ.: ಗುರುವಾರ ಬೆಳಗ್ಗೆ. ಅಂಚೆಗೆ ಹಾಕುವ ಮುಂಚೆ ನಿಂತಲ್ಲೇ ಬರೆಯುತ್ತಿದ್ದೇನೆ. ಪಟ್ಟಿ ನೋಡೋಣವೆಂದು ಬೇಗ ಎದ್ದು ಶೆಡ್ಡಿಗೆ ಬಂದೆ. ಸರಿಯಾಗಿ ಆರಕ್ಕೆ ಕಾರಿನ ಡಿಕ್ಕಿಯೊಳಗೆ ಅಪ್ಪನ ಅಲಾರಂ ಹೊಡೆಯಿತು. ಹಿಂದಿನ ಸೀಟು ಎಳೆದು ಇಣುಕಿದೆ. ಬೈಸ್ ಅಲ್ಲಿದೆ, ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿದ್ದಾರೆ. ಸ್ಪ್ಯಾನರ್ ಪೆಟ್ಟಿಗೆ ಪೂರ್ತಿ ಇದೆ. ಪಕ್ಕದಲ್ಲಿ ಚಿಕ್ಕ ಚೀಲ: ರೇಜರ್, ಕನ್ನಡಕ, ಎರಡು ಜೊತೆ ಬಟ್ಟೆ, ಒಂದು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ಸೀಟು ಮೊದಲಿನಂತೆ ಕೂರಿಸಿದ್ದೇನೆ. ಇವತ್ತು ಕಾರನ್ನು ಇನ್ನೊಂದು ಮೊಳ ಮುಂದೆ ತಳ್ಳಿ ಕಟ್ಟುತ್ತೇನೆ. ಭಾನುವಾರ ಏನೂ ಕೇಳದೆ ಪಿಕಪ್ಪಿನ ಎಡಬಾಗಿಲು ತೆರೆದಿಡುತ್ತೇನೆ. ನೀನು ಒಂದು ಗಟ್ಟಿ ಮೇಜು ಮಾಡಿಸಿಡು. ಎತ್ತರ ಅಪ್ಪನ ಸೊಂಟಕ್ಕೆ ಸರಿಯಾಗಿರಲಿ, ನಿನ್ನದಕ್ಕಲ್ಲ.