ಆ ಮನೆಯ ಹೊಸ್ತಿಲು

ಬೀದರ,
ತಾ. ೬ ಫೆಬ್ರವರಿ ೧೯೪೯, ರವಿವಾರ

ಪ್ರೀತಿಯ ಮನ್ಮಥಣ್ಣನವರಿಗೆ, ತಂಗಿ ಗುರಮ್ಮನ ಶರಣು.

ಸೊಲ್ಲಾಪುರದ ನೀರು ನಿಮಗೆ ಒಗ್ಗಿತೇ? ಕೆಮ್ಮು ಇಳಿಯಿತೇ? ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಮಲಗುವುದನ್ನು ಬಿಟ್ಟರೆ ಅರ್ಧ ಕೆಮ್ಮು ತಾನಾಗಿಯೇ ಹೋದೀತೆಂದು ಅವ್ವ ಹೇಳುತ್ತಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಕ್ಷೇಮಸಮಾಚಾರವನ್ನು ಇಷ್ಟಕ್ಕೇ ಮುಗಿಸಿದ್ದಕ್ಕೆ ಸಿಟ್ಟಾಗಬೇಡಿರಿ, ಅದಕ್ಕೆ ಕಾರಣವಿದೆ.

ಮೆಟ್ರಿಕ್ಕಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಪತ್ರವನ್ನು ಬರೆಯಬೇಕಾಗುತ್ತದೆ. ಹೋದ ತಿಂಗಳು ಅಜೀಜಾ ಬೇಗಂ ಮೇಡಂ ನನಗೆ, ದೂರದಲ್ಲಿರುವ ಅಣ್ಣನಿಂದ ಪುಸ್ತಕ ತರಿಸಿಕೊಳ್ಳುವ ಪತ್ರವನ್ನು ಒಂದೇ ಪುಟದಲ್ಲಿ ಬರೆಯಲು ಹೇಳಿದರು. ನಾನು ನಮ್ಮ ಮನೆತನದ ರೀತಿಯಲ್ಲೇ ನಿಮ್ಮ ಆರೋಗ್ಯ, ಅವ್ವನ ಆರೋಗ್ಯ, ಹಾವಗೆಪ್ಪ ಕಾಕಾನ ಮೊಣಕಾಲು, ಸಾಯಗಾಂವದ ಎತ್ತುಗಳು ಎಂದು ಬರೆಯುತ್ತ ಹೋದೆ, ಪುಟ ಮುಗಿಯಿತು. ಮೇಡಂ ಓದಿ, ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಬೇಟೀ, ಎತ್ತಿನ ಖೈರಿಯತ್ ಸುದ್ದಾ ಕೇಳೀದಿ. ಕಿತಾಬ್ ಎಲ್ಲೈತಿ?" ಎಂದರು. ಕಳೆದ ಭಾದ್ರಪದದಲ್ಲಿ, ಹಿಂದೂಸ್ತಾನದ ಫೌಜು ಬಂದ ವಾರ, ಅವರ ತಮ್ಮ ಬದ್ರೋದ್ದೀನ ಜನವಾಡದ ದಾರಿ ಹಿಡಿದು ಹೋದವನು ಮರಳಿ ಬರಲಿಲ್ಲ. ಅಂದಿನಿಂದ ಮೇಡಂ ಶಾಲೆಗೂ ಬರುತ್ತಿಲ್ಲ, ನಾನೇ ಅವರ ಮನೆಗೆ ಹೋಗಿ ಓದುತ್ತೇನೆ. ಅವರ ನಗುವನ್ನು ನಾನು ಮತ್ತೆ ಕೇಳಿದ್ದು ಎತ್ತುಗಳ ಆ ಪತ್ರ ಓದಿದ ದಿನವೇ.

ಈಗ ನಿಮ್ಮ ಪತ್ರ ಬಂದಿದೆ. ಆ ಮನೆಯ ಹೊಸ್ತಿಲು ತುಳಿದರೆ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವುದಿಲ್ಲವೆಂದು ಬರೆದಿದ್ದೀರಿ. ನಿಮಗೆ ಸುದ್ದಿ ಮುಟ್ಟಿಸಿದವರು ಕಾಕಾ ಎಂಬುದು ನನಗೆ ಗೊತ್ತು. ಮೊನ್ನೆ ಓಣಿಯಲ್ಲಿ ನಿಲ್ಲಿಸಿ, "ಇಂಗ್ಲಿಷ್ ಕಲ್ತು ಲಾಟಸಾಹೇಬನ ಹೆಂಡತಿ ಆಗ್ತೀಯೇನ್ ಗುರಮ್ಮಾ?" ಎಂದರು. "ಇಲ್ರಿ ಕಾಕಾ, ನಾನೇ ಲಾಟಸಾಹೇಬ ಆಗ್ತೇನ್ರಿ" ಎಂದೆ. ಅದನ್ನು ಅವರು ನಿಮಗೆ ಬರೆದಿರಲಿಕ್ಕಿಲ್ಲ.

ಅಣ್ಣಾ, ಮೇಡಂ ಓದಿಸುವ ಕ್ರಮ ಹೀಗಿದೆ: ಒಂದು ಪ್ಯಾರಾವನ್ನು ಒಮ್ಮೆ ಓದಿಸುತ್ತಾರೆ, ಹಾಳೆಯನ್ನು ಅಂಗೈಯಿಂದ ಮುಚ್ಚುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅಲ್ಲಿರದ ಮಾತನ್ನು ನಾನು ಸೇರಿಸಿದೆನೋ, ಉತ್ತರ ತಪ್ಪು. ಕಾಕಾ ಬರೆದದ್ದನ್ನೂ ನೀವು ಹಾಗೆಯೇ ಓದಬೇಕಿತ್ತು. ಸಾಯಗಾಂವದಲ್ಲಿ ನಮ್ಮ ಬಣವೆಗೆ ರಜಾಕಾರರು ಬೆಂಕಿ ಇಟ್ಟದ್ದನ್ನು ನಾನು ಮರೆತಿಲ್ಲ. ನೀವು ಊರು ಬಿಟ್ಟದ್ದನ್ನೂ ಮರೆತಿಲ್ಲ. ಆದರೆ ಬೆಂಕಿ ಇಟ್ಟವರಲ್ಲಿ ಅಜೀಜಾ ಬೇಗಂ ಇರಲಿಲ್ಲ. ಅವರು ಅಂದು ಬೀದರದಲ್ಲಿ ನಮ್ಮ ತರಗತಿಯ ಮುಂದೆ ನಿಂತು ಪಾಠ ಹೇಳುತ್ತಿದ್ದರು. ಉರ್ದುವಿನಲ್ಲಿ ಭೂಗೋಳ ಕಲಿತು ನಾನು ಮೊದಲನೆಯವಳಾದಾಗ ಓಣಿಗೆಲ್ಲ ಪೇಢೆ ಹಂಚಿದವರು ನೀವೇ. ಅಂದು ಕಲಿಸಿದವರ ಜಾತಿ ಯಾವುದೆಂದು ನೀವು ಕೇಳಲಿಲ್ಲ.

ಶಾಲೆಯಲ್ಲಿ ಇಂಗ್ಲಿಷಿಗೆ ಬೇರೆ ಯಾರೂ ಇಲ್ಲ. ಪರೀಕ್ಷೆ ಮುಂದಿನ ತಿಂಗಳು. ನಾನು ಬರೀ ಪಾಸಾಗಲು ಕುಳಿತವಳಲ್ಲ. ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸಿರಿ. ಆ ಮನೆಗೆ ಹೋಗುವುದಿಲ್ಲವೆಂಬ ಮಾತನ್ನು ಮಾತ್ರ ನಾನು ಕೊಡಲಾರೆ. ಸುಳ್ಳು ಹೇಳಿ ಸಹಿ ಪಡೆಯುವುದು ನನಗೆ ಬೇಕಾಗಿಲ್ಲ.

ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ. ರಾತ್ರಿ ಬಿಸಿನೀರು ಕುಡಿಯಿರಿ ಎಂದು ಅವ್ವನ ಕಟ್ಟಪ್ಪಣೆ.

ನಿಮ್ಮ ತಂಗಿ,
ಗುರಮ್ಮ
(ಅರ್ಧವಾರ್ಷಿಕದಲ್ಲಿಯೂ ಮೊದಲನೆಯವಳು)

ವಿ.ಸೂ.: ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. "ಹಡೆದಾಕಿ ನಾ ಇನ್ನಾ ಕುಂತೀನಿ, ಅವನ ಸಹಿ ಯಾಕ ಬೇಕ?" ಎಂದು ಅರ್ಜಿ ಕಸಿದುಕೊಂಡು ಹೆಬ್ಬೆಟ್ಟು ಒತ್ತಿದಳು. ಕೊನೆಯ ಸಾಲಿನಲ್ಲಿ 'ಪಾಲಕರ ಸಹಿ ಅಥವಾ ಹೆಬ್ಬೆಟ್ಟು' ಎಂದೇ ಅಚ್ಚಾಗಿದೆ. ತರಗತಿಗೆ ಮೊದಲನೆಯವಳಾದ ನಾನೇ ಅದನ್ನು ಓದಿರಲಿಲ್ಲ. ಹೀಗಾಗಿ ಅರ್ಜಿ ಈ ಲಕೋಟೆಯಲ್ಲಿ ಇಲ್ಲ. ನಾಳೆಯಿಂದ ನಾನು ಆ ಮನೆಗೆ ಹೋಗುವುದೂ ಇಲ್ಲ. ಒಬ್ಬರೇ ಇರುವ ಮೇಡಂ ಅವರನ್ನು ಕರೆತರಲು ಅವ್ವ ಪರದೆಯ ಟಾಂಗಾ ಮಾಡಿಕೊಂಡು ಈಗಷ್ಟೇ ಹೋದಳು. ಪರೀಕ್ಷೆ ಮುಗಿಯುವ ತನಕ ಅವರು ನಿಮ್ಮ ಕೋಣೆಯಲ್ಲಿರುತ್ತಾರೆ. ನಿಮ್ಮ ಟ್ರಂಕನ್ನು ಜೋಳದ ಚೀಲಗಳ ಮೇಲೆ ಇಟ್ಟಿದ್ದೇನೆ.