ಅಗಸೆ ಎಣ್ಣೆ ಕುಡಿದ ಬಂದೂಕು

ಅಂಗಡಿಯಿಂದ
ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ

ನನ್ನ ಮೊಂಡಿ ಮಗಳೇ,

ಈ ಪತ್ರ ಕೈಗೆ ಸಿಕ್ಕ ಕೂಡಲೇ ಬಂದೂಕನ್ನು ಕೆಳಗಿಡು. ಅದನ್ನು ನಂಬಿ ಗುಡಿಸಲಿನಿಂದ ಹೊರಗೆ ಕಾಲಿಡಬೇಡ. ಕುರಿ ಹೋದರೆ ಹೋಗಲಿ, ಮೇಸ್ತ್ರಿ ಬೈದರೆ ಬೈಯಲಿ. ಆ ಬಂದೂಕಿನಿಂದ ಗುಂಡು ಹಾರುವುದಿಲ್ಲ. ಅದನ್ನು ಹಾಗೆ ಮಾಡಿ ಕಳಿಸಿದವಳು ನಾನೇ.

ಶನಿವಾರ ನೀನು ಬಂದಾಗ ಲಿವರ್ ಬಂದೂಕಿಗೆ ನಾನೇ ಎಣ್ಣೆ ಹಾಕಿಕೊಟ್ಟೆನಲ್ಲ, ಅದು ಬಂದೂಕಿನ ಎಣ್ಣೆಯಲ್ಲ. ಮರದ ಹಿಡಿಗೆ ಹೊಳಪು ಕೊಡಲು ಇಟ್ಟಿದ್ದ ಕುದಿಸಿದ ಅಗಸೆ ಎಣ್ಣೆ. ಮರಕ್ಕೆ ಅದು ಅಮೃತ, ಕಬ್ಬಿಣದ ಸಂದಿಗೆ ವಿಷ. ಎರಡೇ ದಿನಕ್ಕೆ ಅಂಟಾಗುತ್ತದೆ, ಆಮೇಲೆ ಒಣಗಿ ಕೂರುತ್ತದೆ. ನೀನು ಇಲ್ಲಿ ಲಿವರ್ ಎಳೆದು ನೋಡಿ, ಬೆಣ್ಣೆ ಹಾಗಿದೆ ಅಂತ ನಕ್ಕೆ. ಆಗ ಹಾಗೇ ಇತ್ತು. ಆ ಬೆಟ್ಟದ ಮೇಲಿನ ಚಳಿಯಲ್ಲಿ ಈಗ ಅದು ಬೆಣ್ಣೆಯಲ್ಲ.

ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಬ್ಯಾಂಕಿನ ಕಾವಲುಗಾರ ಅವನ ಬಂದೂಕು ತಂದು ಮೇಜಿನ ಮೇಲಿಟ್ಟು, "ಅಕ್ಕಾ, ಇದಕ್ಕೇನು ಗೋಂದು ಹಾಕಿದೀರಾ?" ಅಂದ. ಪಾಪ, ತಮಾಷೆಗೆ ಅಂದಿದ್ದು. ನಾನು ತೋಟಾವನ್ನು ಒಳಗೆ ತಳ್ಳುವ ಬೋಲ್ಟಿನ ಪಕ್ಕಕ್ಕೆ ಬೆರಳಿಟ್ಟೆ. ಬೆರಳು ಅಂಟಿಕೊಂಡಿತು. ಅದೇ ಶನಿವಾರ, ಅದೇ ಮೇಜು, ನಿನ್ನದಾದ ಮೇಲೆ ಮಾಡಿದ ಕೆಲಸ. ಅವನಿಗೆ ಧೂಳು ಕೂತಿದೆ ಅಂತ ಏನೋ ಹೇಳಿ ಸಾಗಹಾಕಿದೆ.

ಅವನು ಹೋದದ್ದೇ ವೈರ್‌ಲೆಸ್ ಕಚೇರಿಗೆ ಓಡಿದೆ. ಗಾಳಿಗೆ ಕಂಬ ಬಿದ್ದು ಎರಡು ದಿನವಾಯಿತು, ರಿಪೇರಿಯವರು ಶುಕ್ರವಾರ ಬರುತ್ತಾರೆ ಅಂದರು. ಕೈಮುಗಿದೆ, ಕೂಗಾಡಿದೆ. ಅಲ್ಲಿದ್ದ ಗುಮಾಸ್ತೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ನೀರು ಯಾರಿಗೆ ಬೇಕಿತ್ತು? ಉಳಿದಿರುವುದು ಒಂದು ಗಂಟೆಗೆ ಹೊರಡುವ ಸಾಮಾನಿನ ಗಾಡಿ ಮಾತ್ರ. ದಾರಿ ಚೆನ್ನಾಗಿದ್ದರೆ ನಾಳೆ ಸಂಜೆಗೆ ನಿಮ್ಮಲ್ಲಿರುತ್ತದೆ. ಗುರುವಾರ ಬೆಳಿಗ್ಗೆ ಕುರಿ ಹಿಡಿಯುತ್ತಿರುವ ಆ ಕುಂಟು ಕರಡಿಯನ್ನು ಹುಡುಕಿಕೊಂಡು ನೀನು ಮುಂದೆ, ಕುರಿ ಕಾಯುವವರು ಬರಿಗೈಯಲ್ಲಿ ನಿನ್ನ ಹಿಂದೆ. ಗಾಡಿ ಮುಟ್ಟುವುದಕ್ಕೂ ನೀನು ಹೊರಡುವುದಕ್ಕೂ ನಡುವೆ ಇರುವುದು ಒಂದು ರಾತ್ರಿ, ನಾನು ಲೆಕ್ಕ ಹಾಕುವುದು ಅದನ್ನೇ.

ಈಗ ಹೇಳುವುದನ್ನು ನಿಧಾನವಾಗಿ ಮಾಡು. ಬಾಯಿ ನೆಲದ ಕಡೆ ಇರಲಿ, ಟ್ರಿಗರ್ ಹತ್ತಿರ ಬೆರಳು ಹೋಗಬಾರದು. ಲಿವರ್ ಆಡಿಸಿ ಒಳಗಿನ ತೋಟಾಗಳನ್ನೆಲ್ಲ ಹೊರಗೆ ತೆಗೆ. ಬಿಗಿದಿದ್ದರೆ ನಿನ್ನ ಮೊಂಡುತನ ಅದರ ಮೇಲೆ ತೋರಿಸಬೇಡ. ಸಂದಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ಕಾಯಿ, ಬಿಡುತ್ತದೆ. ತೋಟಾಗಳನ್ನು ಎಣಿಸಿ ದೂರದ ಮೂಲೆಯಲ್ಲಿಡು. ಬೋಲ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕು. ತೋಟಾದ ಬೆನ್ನಿಗೆ ಹೊಡೆಯುವ ಸಣ್ಣ ಪಿನ್ ಇದೆಯಲ್ಲ, ಅದು ಅಂಟಿದ್ದರೆ ಮಿಕ್ಕಿದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಬೋಲ್ಟ್ ಅಲ್ಲಾಡಿಸಿದರೆ ಪಿನ್ ಒಳಗೆ ಟಿಕ್ ಟಿಕ್ ಅನ್ನಬೇಕು. ಅಲ್ಲಿಯವರೆಗೂ ತಿಕ್ಕು. ಇದೆಲ್ಲ ಒಲೆಯಿಂದ ದೂರ.

ಆಮೇಲೆ ಒಣಗಿಸಿ ಒರೆಸು. ಡ್ರೈವರ್ ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಕಳಿಸಿದ್ದೇನೆ. ಎದುರು ಮನೆಯ ದರ್ಜಿಯಿಂದಲೇ ಸೀಸೆಗೆ ಹಾಕಿಸಿಕೊಂಡೆ, ಅವಳ ಕಣ್ಣೆದುರೇ ಮುಚ್ಚಳ ಬಿಗಿದೆ. ಲಿವರಿನ ಕೀಲಿಗೆ ಒಂದು ಹನಿ, ಬೋಲ್ಟಿನ ಎರಡು ಪಕ್ಕಕ್ಕೆ ಒಂದೊಂದು, ಪಿನ್ನಿಗೆ ಬಡಿಯುವ ಹ್ಯಾಮರಿನ ಬುಡಕ್ಕೆ ಸೂಜಿಮೊನೆಯಷ್ಟು. ಹಾಕಿದ್ದನ್ನೂ ಮತ್ತೆ ಒರೆಸಿಬಿಡು. ಚಳಿಯಲ್ಲಿ ಎಣ್ಣೆ ಕಡಿಮೆಯಾದರೆ ಕೆಡುವುದಿಲ್ಲ, ಹೆಚ್ಚಾದರೆ ಕೆಡುತ್ತದೆ. ಪಿನ್ನಿಗೆ ಏನೂ ಬೇಡ. ಸೀಸೆ ದಾರಿಯಲ್ಲಿ ಒಡೆದಿದ್ದರೆ ಒಣಗಿದಂತೆಯೇ ಬಿಡು, ಅಡುಗೆ ಎಣ್ಣೆ ಮಾತ್ರ ಮುಟ್ಟಿಸಬೇಡ, ಅದೂ ಅಂಟೇ.

ಹೇಗಾಯಿತು ಅಂತ ಕೇಳುತ್ತೀಯ. ಆತುರದಲ್ಲಿ ಡಬ್ಬಿ ತಪ್ಪಿತು ಅಂತ ಬರೆಯೋಣ ಅಂದುಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ನನಗೆ ಕಣ್ಣು ಕಾಣುತ್ತಿಲ್ಲ ಮಗಳೇ. ನಡುವೆ ಮಸುಕು, ಅಂಚಿನಲ್ಲಿ ಮಾತ್ರ ಬೆಳಕು. ಒಂದು ವರ್ಷವಾಯಿತು. ಡಬ್ಬಿಗಳನ್ನು ವಾಸನೆಯ ಮೇಲೆ ಗುರುತು ಹಿಡಿಯುತ್ತಿದ್ದೆ. ಹೋದ ತಿಂಗಳ ಜ್ವರದಲ್ಲಿ ಮೂಗೂ ಹೋಯಿತು. ಈ ಸಾಲುಗಳು ನೆಟ್ಟಗಿದ್ದರೆ ಅದು ಅಡಿಪಟ್ಟಿಯ ಉಪಕಾರ.

ಶನಿವಾರ ಚಹಾ ಲೋಟದ ಹೊರಗೆ ಸುರಿದಾಗ ನೀನು ನೋಡಿದೆ. ಬಂದೂಕು ನಾನೇ ಒರೆಸಿಕೊಳ್ಳುತ್ತೇನೆ ಕೊಡಮ್ಮ ಅಂತ ನೀನು ಅಂದೆ. ನಾನು ಕಿತ್ತುಕೊಂಡೆ. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನನ್ನ ಕಣ್ಣಿನ ಚಿಂತೆ ನಿನಗೆ ಬೇಡ" ಅಂದೆ. ಹೇಳಿದ್ದರೆ ನೀನು ಕೆಲಸ ಬಿಟ್ಟು ಬಂದು ನನ್ನ ಪಕ್ಕ ಕೂರುತ್ತಿದ್ದೆ. ಅದಕ್ಕೇ ಮುಚ್ಚಿಟ್ಟೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅರ್ಧ ಅದು ನಿಜ. ಇನ್ನರ್ಧ ಬರೀ ಜಂಬ. ಆ ಜಂಬವನ್ನು ನಿನ್ನ ಹೆಗಲಿಗೆ ಹಾಕಿ ಕರಡಿಯ ಮುಂದೆ ಕಳಿಸಿದೆ. ಹೆತ್ತವಳು ಮಾಡುವ ಕೆಲಸವೇ ಇದು?

ಬೈಯುವುದಿದ್ದರೆ ಬಂದು ಬೈಯಿ. ಎಷ್ಟು ದಿನ ಬೇಕಾದರೂ ಬೈಯಿ, ತುಟಿಪಿಟಿಕ್ ಅನ್ನುವುದಿಲ್ಲ. ಪಿನ್ ಟಿಕ್ ಟಿಕ್ ಅಂದಿತು ಅಂತ ಒಂದೇ ಒಂದು ಸಾಲು ಬರೆದು ಇದೇ ಗಾಡಿಯಲ್ಲಿ ವಾಪಸ್ ಕಳಿಸು. ಅದು ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ
ಅಮ್ಮ

ಮರೆತಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಶನಿವಾರ ಆ ಡಬ್ಬಿಯಿಂದ ಎಣ್ಣೆ ಹೋದದ್ದು ನಿನ್ನ ಮತ್ತು ಆ ಕಾವಲುಗಾರನ ಬಂದೂಕಿಗೆ ಮಾತ್ರವಲ್ಲ, ಇನ್ನೂ ಮೂರಕ್ಕೆ. ಮೂವರೂ ಇದೇ ಊರಿನವರು, ಬೆಳಿಗ್ಗೆಯೇ ಅವರ ಬಾಗಿಲು ತಟ್ಟಬಹುದಿತ್ತು. ತಟ್ಟಲಿಲ್ಲ. ತಟ್ಟಿದ್ದರೆ ಯಾರಾದರೊಬ್ಬರು ಠಾಣೆಗೆ ಹೋಗಿ ಅಂಗಡಿಗೆ ಬೀಗ ಹಾಕಿಸುತ್ತಿದ್ದರು, ಈ ಪತ್ರ ಗಾಡಿಗೆ ಸೇರುತ್ತಿರಲಿಲ್ಲ. ಕಾವಲುಗಾರ ಆ ಬಂದೂಕು ಹಿಡಿದೇ ಈಗ ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದಾನೆ. ಗಾಡಿ ಹೊರಟ ಮೇಲೆ ನಾಲ್ವರ ಹತ್ತಿರವೂ ಹೋಗುತ್ತೇನೆ. ಅವರನ್ನೂ ಯಾರೋ ಹೆತ್ತಿದ್ದಾರೆ, ಗೊತ್ತು. ಆದರೂ ಮೊದಲು ನಿನಗೆ ಬರೆದೆ.