ಕೆರೆಗೆ ಅಕ್ರಮವಾಗಿ ಇಳಿದರೆಂದು ನೀವು ಬರೆದ ಈರಪ್ಪನವರ ಕುರಿತು

ಸ್ಪರ್ಧೆಗೆ ಅನುಮತಿಯನ್ನೂ ಸಾವಿಗೆ ವರದಿಯನ್ನೂ ಒಂದೇ ಲೇಖನಿಯಿಂದ ದಯಪಾಲಿಸಿದ ಮಾನ್ಯ ಅಧಿಕಾರಿಗಳೇ,

ಕಳೆದ ಡಿಸೆಂಬರಿನ ಟ್ರಯಾಥ್ಲಾನ್ ದಿನ ಮಾದನಾಯಕನಹಳ್ಳಿಯ ಆಚೆಯ ಕೆರೆಯಲ್ಲಿ ಮುಳುಗಿ ಸತ್ತ ಈರಪ್ಪನವರನ್ನು ನಿಮ್ಮ ವರದಿ ‘ಕೆರೆಗೆ ಅಕ್ರಮವಾಗಿ ಇಳಿದ ವ್ಯಕ್ತಿ’ ಎಂದು ಕರೆದಿದೆ. ಇದು ಸುಳ್ಳು. ಅವರು ನೀರಿಗೆ ಇಳಿದದ್ದು ನನಗಾಗಿ.

ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಸೂಪರ್‌ವೈಸರ್, ವಯಸ್ಸು ನಲವತ್ತಾರು. ಸಕ್ಕರೆ ಕಾಯಿಲೆಯ ಹೆದರಿಕೆಗೆ ಓಡಲು ಶುರುಮಾಡಿದವನು, ಹುಚ್ಚು ಹೆಚ್ಚಾಗಿ, ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ಕಿಲೋಮೀಟರ್ ಓಟವನ್ನು ಒಂದೇ ಉಸಿರಿಗೆ ಮುಗಿಸುವ ಈ ಸ್ಪರ್ಧೆಗೆ ಸೇರಿದೆ. ನಾವು ಇನ್ನೂರ ಆರು ಜನ. ಎಲ್ಲರ ಕಾಲಿಗೂ ಒಂದೊಂದು ಚಿಪ್ ಪಟ್ಟಿ ಕಟ್ಟಿದ್ದರು. ನೀರಿಗೆ ಇಳಿಯುವಾಗ ದಡದ ಚಾಪೆ ತುಳಿದರೆ ಒಂದು ಸದ್ದು, ಮೇಲೆ ಬಂದಾಗ ಇನ್ನೊಂದು. ಹೋದಷ್ಟೂ ಬಂದರೆ ಕೆರೆ ಖಾಲಿ ಎಂದರ್ಥ. ಈ ಏರ್ಪಾಡನ್ನು ನೀವು ‘ಲೋಪರಹಿತ’ ಎಂದು ಮೆಚ್ಚಿದ್ದೀರಿ. ನಮ್ಮನ್ನು ಕಾಯಲು ತೆಪ್ಪದಲ್ಲಿದ್ದವರ ಕಾಲಿಗೆ ಮಾತ್ರ ಚಿಪ್ ಇರಲಿಲ್ಲ. ಕಾಯುವವರು ಮುಳುಗುವುದಿಲ್ಲವೆಂದು ಯಾವ ಸುತ್ತೋಲೆಯಲ್ಲಿ ಓದಿದಿರಿ?

ಈರಪ್ಪ ಕೃಷ್ಣಾ ದಂಡೆಯ ಊರಿನವರು, ಇಲ್ಲಿ ಗೋದಾಮಿನಲ್ಲಿ ಹಮಾಲಿ. ಈಜು ಬಲ್ಲರೆಂದು ಆಯೋಜಕರು ಆ ಒಂದು ದಿನಕ್ಕೆ ಕರೆತಂದು, ತೆಪ್ಪ ಕೊಟ್ಟು, ದೂರದ ತಿರುವಿನಲ್ಲಿ ಒಬ್ಬರನ್ನೇ ಬಿಟ್ಟಿದ್ದರು. ಅಲ್ಲಿ ಯಾರೋ ಬಿಟ್ಟುಹೋದ ಮೀನಿನ ಬಲೆಗೆ ನನ್ನ ಕಾಲು ಸಿಕ್ಕಿತು. ಒದ್ದಷ್ಟೂ ಬಿಗಿಯಾಯಿತು, ಬಾಯಿಗೆ ನೀರು ನುಗ್ಗಿತು. ಕೂಗಿದೆ. ಅವರು ತೆಪ್ಪದಿಂದ ಧುಮುಕಿ ಬಂದರು. “ಕಾಲ ಬಡೀಬ್ಯಾಡ್ರಿ ಸರ, ಸುಮ್ನ ತೇಲ್ರಿ. ನಾ ಬಿಡಸ್ತೀನಿ,” ಎಂದು ಮುಳುಗಿ ನನ್ನ ಪಾದ ಹಿಡಿದರು. ಬಲೆ ಸಡಿಲವಾಯಿತು. ಮೇಲೆದ್ದವರು “ಹೋಗ್ರಿ ಸರ, ಟೈಮ್ ಆಗ್ತೈತಿ” ಎಂದರು. ಅವರ ಕೈ ಇನ್ನೂ ಬಲೆಯಲ್ಲೇ ಸಿಕ್ಕಿಕೊಂಡಿತ್ತು. ನೋಡಿದೆ, ನೋಡಿಯೂ ಹೋದೆ. ತಲೆ ತಿರುಗಿಸಿದರೆ ಸೆಕೆಂಡು ಹಾಳೆಂದು ತರಬೇತಿಯಲ್ಲಿ ಕಲಿಸಿದ್ದರು.

ಇನ್ನೂರ ಆರು ಚಿಪ್‌ಗಳೂ ಹೊರಬಂದವು. ಎಣಿಕೆ ತಾಳೆಯಾಯಿತು, ರಕ್ಷಣಾ ತಂಡ ತಿಂಡಿಗೆ ಹೋಯಿತು. ಜೊಂಡಿನಲ್ಲಿ ನಿಂತ ಖಾಲಿ ತೆಪ್ಪ ಕಂಡವರು ಈರಪ್ಪನೂ ತಿಂಡಿಗೆ ಹೋಗಿರಬೇಕೆಂದುಕೊಂಡರು. ನಾನು ಸೈಕಲ್ ತುಳಿದೆ, ಓಡಿದೆ, ಪದಕ ಹಾಕಿಸಿಕೊಂಡು ನಗುತ್ತ ಫೋಟೋಗೆ ನಿಂತೆ. ಮಧ್ಯಾಹ್ನ ತೆಪ್ಪ ತರಲು ಹೋದವರಿಗೆ ಬಲೆಯಲ್ಲಿ ಹೆಣ ಸಿಕ್ಕಿತು. ಪಟ್ಟಿಯಲ್ಲಿ ಹೆಸರಿಲ್ಲದವರು ನೀರಿನಲ್ಲಿದ್ದರೆ ನಿಮ್ಮ ಭಾಷೆಯಲ್ಲಿ ಅದು ಅಕ್ರಮವೇ ತಾನೆ?

ಈಗ ಸ್ನಾನಕ್ಕೆ ನಿಂತರೆ ಪಾದದ ಮೇಲೆ ಅವರ ಕೈ ಇರುತ್ತದೆ. ಕಾರ್ಖಾನೆಯಲ್ಲಿ ಕಂಪ್ರೆಸರ್ ನಿಂತಾಗ ಆ ಮೌನದಲ್ಲಿ ‘ಹೋಗ್ರಿ ಸರ’ ಕೇಳಿಸುತ್ತದೆ. ನನಗೆ ಭಯವಾಗುತ್ತದೆ ಮಾನ್ಯರೇ, ನಾಚಿಕೆಯೂ ಆಗುತ್ತದೆ. ನಿಮಗೆ ಏನೂ ಕೇಳಿಸುವುದಿಲ್ಲವೇ?

ಅವರ ಹೆಂಡತಿ ದೇವಕ್ಕನವರನ್ನು ಚಿಕ್ಕಬಾಣಾವರದ ಬಾಡಿಗೆ ಕೋಣೆಯಲ್ಲಿ ಕಂಡೆ. ಗಂಡ ಕುಡಿದು ಮೀನು ಕದಿಯಲು ಇಳಿದಿದ್ದನೆಂದು ವಠಾರವೆಲ್ಲ ಆಡಿಕೊಳ್ಳುತ್ತಿದೆ. ನಿಮ್ಮ ವರದಿಯೇ ಅದಕ್ಕೆ ಆಧಾರ. ನಾನು ಎಲ್ಲ ಹೇಳಿದೆ, ಬಿಟ್ಟುಹೋದದ್ದನ್ನೂ ಹೇಳಿದೆ. ಅವರು, “ನನಗ ಹೇಳಿದ್ರ ಏನಾತ್ರಿ? ಅಂವ ಕಳ್ಳ ಅಲ್ಲಂತ ನನಗ ಗೊತ್ತೈತಿ. ಹಂಗ ಬರದವ್ರಿಗೆ ಹೇಳ್ರಿ,” ಎಂದರು.

ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಗುಮಾಸ್ತರು, “ನೀವೇನು ಅವ್ರ ಸಂಬಂಧಿಕ್ರಾ ಸಾರ್? ಅಲ್ಲ ಅಂದ್ರೆ ಹೇಳಿಕೆ ತಗೊಳ್ಳಕ್ಕೆ ಬರಲ್ಲ” ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಹಾಗಾಗಿ ಊರೆದುರು ಬರೆಯುತ್ತಿದ್ದೇನೆ. ನನ್ನ ಹೇಳಿಕೆ ದಾಖಲಿಸಿಕೊಳ್ಳಿ, ನನ್ನ ತಪ್ಪನ್ನೂ ಸೇರಿಸಿ. ‘ಅಕ್ರಮ’ ಎಂಬ ಮಾತನ್ನು ಹೊಡೆದುಹಾಕಿ, ಕರ್ತವ್ಯದಲ್ಲಿ ಸತ್ತರೆಂದು ತಿದ್ದಿ, ಆ ಪ್ರತಿಯನ್ನು ದೇವಕ್ಕನವರ ವಠಾರಕ್ಕೆ ನೀವೇ ಹೋಗಿ ಎಲ್ಲರೆದುರು ಕೊಡಿ. ಅರ್ಜಿಯಲ್ಲಿ ‘ಮೃತರೊಂದಿಗೆ ಸಂಬಂಧ’ ಎಂಬ ಕಾಲಂ ಖಾಲಿ ಬಿಟ್ಟಿದ್ದೆ. ಈಗ ಕೆಳಗೆ, ನನ್ನ ಹೆಸರಿನ ಮೇಲೆ, ತುಂಬಿದ್ದೇನೆ.

ಇಂತಿ,
ಅವರು ಸತ್ತದ್ದರಿಂದ ಬದುಕಿರುವ
ರುದ್ರೇಶ್, ಪೀಣ್ಯ